ಸೀಟಿ ಊದಿದವನಿಗೇ ಪೆನಾಲ್ಟಿ!

ಮೂರನೇ ಪೆನಾಲ್ಟಿ ಕೊಟ್ಟ ಕೂಡಲೇ ಪಂದ್ಯ ಮುಗಿಯಿತು ಸ್ವಾಮೀ. ಗಡಿಯಾರದ ಪ್ರಕಾರ ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು. ಆದರೆ ಆಡೋಕೆ ಒಂದು ಕಡೆಯ ಗೋಲ್ ಕಂಬವೇ ನಿಂತಿರಲಿಲ್ಲ.

ಕಳೆದ ಭಾನುವಾರ ನಮ್ಮೂರ ಮೈದಾನದಲ್ಲಿ ನಡೆದ ಎರಡು ಕಾಲೇಜು ಹುಡುಗರ ಫೈನಲ್ ಪಂದ್ಯದ ಕಥೆ ಇದು. ಕಾಲೇಜುಗಳ ಹೆಸರು ಬೇಡ, ಬಸ್ ಹತ್ತುವವರಿಗೆಲ್ಲ ಗೊತ್ತೇ ಇದೆ. ಸೀಟಿ ಹಿಡಿದಿದ್ದವರು ಪಕ್ಕದ ತಾಲ್ಲೂಕಿನ ಒಬ್ಬ ಡ್ರಿಲ್ ಮೇಷ್ಟ್ರು. ಮೊದಲನೇ ಪೆನಾಲ್ಟಿ ಚೆಂಡು ಕೈಗೆ ತಗುಲಿತು ಅಂತ. ಎರಡನೇದು ಭುಜದಿಂದ ತಳ್ಳಿದ್ದಕ್ಕೆ. ಮೂರನೇದು ಯಾಕೆ ಅನ್ನೋದರ ಬಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಮೂರೂ ಒಂದೇ ತಂಡದ ವಿರುದ್ಧ. ಇನ್ನೊಂದು ಕಡೆ ಚೆಂಡು ಅದೇ ರೀತಿ ಕೈಗೆ ಬಡಿದಾಗ ಮೇಷ್ಟ್ರು ಆಟ ಮುಂದುವರಿಸಿ ಅಂತ ಕೈಬೀಸಿದರು.

ಜನ ಒಳಗೆ ನುಗ್ಗಿದರು. ಮೇಷ್ಟ್ರು ಹಿಂದಿನ ಗೇಟಿಂದ ಹೊರಟು ಆಟೋ ಹತ್ತಿ ಪಾರಾದರು. ಅವರ ಒಂದು ಷೂ ಮೈದಾನದಲ್ಲೇ ಉಳಿಯಿತು ಅಂತ ಹೇಳುತ್ತಾರೆ. ನಾನು ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ದಿನಸಿ ಅಂಗಡಿಯವರೊಬ್ಬರು ನನ್ನ ಹತ್ತಿರ ಹೇಳಿದ ಮಾತು ಕೇಳಿ: ‘ಸ್ವಾಮೀ, ನನ್ನ ತಕ್ಕಡಿಗೆ, ತೂಕದ ಕಲ್ಲಿಗೆ ಇಲಾಖೆಯವರು ಬಂದು ಮುದ್ರೆ ಹಾಕುತ್ತಾರೆ. ಐವತ್ತು ಗ್ರಾಂ ಕಮ್ಮಿ ಇದ್ದರೆ ದಂಡ. ಇವರ ಸೀಟಿಗೆ ಮುದ್ರೆ ಹಾಕೋರು ಯಾರು? ಒಂದು ಕಡೆ ಕಿಲೋ ಅಂದರೆ ಸಾವಿರ ಗ್ರಾಂ, ಇನ್ನೊಂದು ಕಡೆ ಎಂಟುನೂರಾ?’

ಇದು ಸಣ್ಣ ಪ್ರಶ್ನೆ ಅಲ್ಲ. ದೇಶದ ದೊಡ್ಡ ದೊಡ್ಡ ಕ್ಲಬ್ಬುಗಳು ಕೋಟಿಗಟ್ಟಲೆ ದಂಡ ಕಟ್ಟಿಯೂ ಉತ್ತರ ಸಿಗದ ಪ್ರಶ್ನೆ. ಫುಟ್‌ಬಾಲ್ ನೋಡೋ ಜನಕ್ಕೆ ಸೋಲು ಹೊಸದಲ್ಲ. ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ 2001ರಲ್ಲಿ ಚಿನ್ನದ ಗಣಿಯೇ ಮುಚ್ಚಿತು, ಚೆಂಡು ಒದೆಯೋದು ಮಾತ್ರ ನಿಲ್ಲಲಿಲ್ಲ. ಸೋತರೆ ಒಂದು ಟೀ ಕುಡಿದು ಮನೆಗೆ ಹೋಗುತ್ತಾರೆ. ಆದರೆ ಹೇಗೆ ಸೋತೆವು ಅಂತ ಗೊತ್ತಾಗದಿದ್ದರೆ ಟೀ ಗಂಟಲಲ್ಲಿ ಇಳಿಯೋದಿಲ್ಲ.

2023ರ ಮಾರ್ಚ್ 3, ಶುಕ್ರವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು ಎಫ್.ಸಿ.ಗೂ ಕೇರಳ ಬ್ಲಾಸ್ಟರ್ಸ್‌ಗೂ ಪಂದ್ಯ. ಸೋತವರು ಮನೆಗೆ, ಗೆದ್ದವರು ಸೆಮಿಫೈನಲ್ಲಿಗೆ. ತೊಂಬತ್ತು ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪೆನಾಲ್ಟಿ ಪೆಟ್ಟಿಗೆಯ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಮುಂದೆ ಬಂದು ತಮ್ಮವರ ಗೋಡೆ ಕಟ್ಟುತ್ತಾ ನಿಂತಿದ್ದ. ಸುನಿಲ್ ಛೆಟ್ರಿ ಸೀಟಿಗೆ ಕಾಯಲಿಲ್ಲ. ಖಾಲಿ ಗೋಲಿಗೆ ನಾಜೂಕಾಗಿ ಚೆಂಡು ಎತ್ತಿ ಹಾಕಿದ. ರೆಫರಿ ಗೋಲು ಅಂದರು.

ಆಮೇಲೆ ನಡೆದದ್ದು ನಮ್ಮ ದೇಶದ ಫುಟ್‌ಬಾಲಿನಲ್ಲಿ ಅಪರೂಪ. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಕರೆದುಕೊಂಡು ಮೈದಾನದಿಂದ ಹೊರಗೇ ನಡೆದರು. ಕಾದರು, ಕಾದರು, ಬರಲಿಲ್ಲ. ಬೆಂಗಳೂರು ಗೆದ್ದಿತು ಅಂತ ಘೋಷಣೆ ಆಯಿತು.

ನಮ್ಮ ಬಸ್ ಸ್ಟ್ಯಾಂಡ್ ಎದುರಿನ ಬೇಕರಿಯ ಟಿ.ವಿ.ಯಲ್ಲಿ ಅವತ್ತು ನಾನೂ ನೋಡಿದೆ. ಬೇಕರಿಯವರು ಕೇರಳದವರು, ಗಿರಾಕಿಗಳು ನಮ್ಮವರು. ಗೋಲು ಆದಾಗ ಕೇಕೆ, ಕೇರಳದವರು ಎದ್ದು ಹೋದಾಗ ಮೌನ. ಬೇಕರಿಯ ಯಜಮಾನರು ಟಿ.ವಿ. ಆರಿಸಿ, ಬಾಗಿಲು ಅರ್ಧ ಎಳೆದು, ‘ಇದು ನ್ಯಾಯವಾ ಸಾರ್?’ ಅಂತ ಒಂದೇ ಮಾತು ಕೇಳಿದರು. ಹದಿನೈದು ವರ್ಷದಿಂದ ಅವರ ಬನ್ನು ತಿಂದವರು ಯಾರೂ ಉತ್ತರ ಕೊಡಲಿಲ್ಲ.

ಕಾನೂನು ಏನು ಹೇಳುತ್ತೆ ಅಂತ ನೋಡಿ. ಫ್ರೀ ಕಿಕ್ ಸಿಕ್ಕ ತಂಡ ಎದುರಾಳಿಗಳು ದೂರ ಸರಿಯಲಿ ಅಂತ ಕಾಯಬೇಕಾಗಿಲ್ಲ, ತಟ್ಟನೆ ಹೊಡೆಯಬಹುದು. ದೂರ ಅಂದರೆ ಹತ್ತು ಗಜ, 9.15 ಮೀಟರ್. ಆದರೆ ‘ಅವರನ್ನು ದೂರ ಸರಿಸಿ ಸಾರ್’ ಅಂತ ರೆಫರಿಯನ್ನು ಕೇಳಿದರೆ ಮಾತ್ರ ಆಮೇಲೆ ಸೀಟಿ ಊದೋವರೆಗೆ ಕಾಯಲೇಬೇಕು. ಸೀಟಿ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಮೊದಲೇ ಹೇಳಿದ್ದೆ ಅನ್ನೋದು ಛೆಟ್ರಿಯ ಮಾತು. ರೆಫರಿ ಆಗಲೇ ಆಟ ನಿಲ್ಲಿಸಿ ಜಾಗ ಸರಿಮಾಡುತ್ತಿದ್ದರು, ಸೀಟಿ ಇಲ್ಲದೆ ಹೊಡೆದದ್ದು ತಪ್ಪು ಅನ್ನೋದು ಕೇರಳದವರ ವಾದ. ಇಡೀ ಜಗಳ ಇರೋದು ರೆಫರಿಗೂ ಹೊಡೆದವನಿಗೂ ನಡುವೆ ನಡೆದ ನಾಲ್ಕು ಪಿಸುಮಾತಿನಲ್ಲಿ! ಕ್ರೀಡಾಂಗಣ ತುಂಬಾ ಕೂತ ಸಾವಿರಾರು ಜನಕ್ಕೆ ಆ ಮಾತು ಕೇಳಿಸಲಿಲ್ಲ. ಗೋಲ್‌ಕೀಪರಿಗೇ ಕೇಳಿಸಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಗೋಲು ಕಾನೂನಿಗೆ ಸರಿ. ಆದರೆ ಆ ರೆಫರಿ ಕೈ ಎತ್ತಿ ಎರಡೂ ಕಡೆಯವರಿಗೆ ‘ಸೀಟಿ ಇಲ್ಲ, ಆಟ ನಡೀತಾ ಇದೆ’ ಅಂತ ತಿಳಿಸಿದ್ದರೆ ನಾಲ್ಕು ಕೋಟಿ ಉಳಿಯುತ್ತಿತ್ತು.

ಹೌದು, ನಾಲ್ಕು ಕೋಟಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳದ ಕ್ಲಬ್ಬಿಗೆ ಹಾಕಿದ ದಂಡ ಅದು. ಬಹಿರಂಗ ಕ್ಷಮೆ ಕೇಳದಿದ್ದರೆ ಆರು ಕೋಟಿ! ಕೋಚಿಗೆ ಐದು ಲಕ್ಷ ದಂಡ, ಹತ್ತು ಪಂದ್ಯ ನಿಷೇಧ. ಕ್ಷಮೆ ಕೇಳಿದರು. ಅಪೀಲಿಗೂ ಹೋದರು, ಫೆಡರೇಷನ್ನಿನ ಅಪೀಲು ಸಮಿತಿ ಅದನ್ನೂ ತಳ್ಳಿಹಾಕಿತು. ಆಟ ಬಿಟ್ಟು ಹೋಗೋದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಇವತ್ತು ಒಬ್ಬ ಎದ್ದು ಹೋದರೆ ನಾಳೆ ಎಲ್ಲರೂ ಎದ್ದು ಹೋಗುತ್ತಾರೆ.

ಆದರೆ ಹಳೆಯ ಪುಸ್ತಕ ಸ್ವಲ್ಪ ತೆಗೆದು ನೋಡಿ. 2012ರ ಡಿಸೆಂಬರ್ 9ರಂದು ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಪಂದ್ಯ. ಬಾಗಾನ್ ನಾಯಕ ಒಡಾಫಾಗೆ ಕೆಂಪು ಕಾರ್ಡು ಬಿತ್ತು. ಗ್ಯಾಲರಿಯಿಂದ ತೂರಿದ ವಸ್ತು ಬಡಿದು ರಹೀಂ ನಬಿಗೆ ಮುಖಕ್ಕೆ ಪೆಟ್ಟಾಯಿತು. ವಿರಾಮ ಮುಗಿದ ಮೇಲೆ ಬಾಗಾನ್ ಆಡಲು ಬರಲೇ ಇಲ್ಲ. ಮೊದಲು ಏನು ಶಿಕ್ಷೆ ಗೊತ್ತೇ? ಐ-ಲೀಗ್‌ನಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಹೊರಗೆ. ಕ್ಲಬ್ಬಿನವರು ಓಡಾಡಿದರು. ಮೂರು ವಾರ ಕಳೆಯೋದರೊಳಗೆ ನಿಷೇಧ ಹೋಯಿತು, ಎರಡು ಕೋಟಿ ದಂಡ ಬಂತು, ಪಾಯಿಂಟುಗಳು ಸೊನ್ನೆಯಾದವು. ಇಲ್ಲಿ ಎರಡು, ಅಲ್ಲಿ ನಾಲ್ಕು. ನಮ್ಮ ದಿನಸಿ ಅಂಗಡಿಯವರ ತಕ್ಕಡಿ ನೆನಪಾಗೋದು ಇಲ್ಲೇ.

ಬೆಂಗಳೂರಿನವರು ನಕ್ಕರಲ್ಲ, ಎಷ್ಟು ದಿನ ನಕ್ಕರು? ಹದಿನೈದೇ ದಿನ! ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ಜೊತೆ ಫೈನಲ್. ಆಟ 2-2 ಆಯಿತು. ಆ ನಾಲ್ಕು ಗೋಲಿನಲ್ಲಿ ಮೂರು ಪೆನಾಲ್ಟಿ! ಬಾಗಾನ್ ಪರವಾಗಿ ಪೆಟ್ರಾಟೋಸ್ ಎರಡು, ನಮ್ಮ ಕಡೆ ಛೆಟ್ರಿ ಒಂದು. ಓಡಾಡಿ ಹೊಡೆದದ್ದು ಅಂದರೆ ರಾಯ್ ಕೃಷ್ಣನ ತಲೆಯ ಗೋಲು ಒಂದೇ. ಬೆಂಗಳೂರು 2-1 ಮುಂದಿದ್ದಾಗ 85ನೇ ನಿಮಿಷದಲ್ಲಿ ಬಿದ್ದ ಪೆನಾಲ್ಟಿಯದೇ ದೊಡ್ಡ ರಂಪ. ಕಾಲು ತಗುಲಿದ್ದು ಗೆರೆಯ ಒಳಗೋ ಹೊರಗೋ? ಒಂದು ಗೇಣು ಅತ್ತಿತ್ತ ಆದರೆ ಕಪ್ಪೇ ಅತ್ತಿತ್ತ. ಕೊನೆಗೆ ಪೆನಾಲ್ಟಿ ಶೂಟೌಟಿನಲ್ಲಿ 4-3ರಿಂದ ಬಾಗಾನ್ ಗೆದ್ದಿತು.

ಬೆಂಗಳೂರು ಕ್ಲಬ್ಬಿನ ಮಾಲೀಕ ಪಾರ್ಥ್ ಜಿಂದಾಲ್ ಅವತ್ತೇ ಬಹಿರಂಗವಾಗಿ, ಲೀಗಿಗೆ ವಿ.ಎ.ಆರ್. ಬೇಕೇ ಬೇಕು ಅಂದರು. ವಿ.ಎ.ಆರ್. ಅಂದರೆ ವಿಡಿಯೋ ನೋಡಿ ತೀರ್ಪು ತಿದ್ದೋ ಏರ್ಪಾಡು. ಕಂಠೀರವದಲ್ಲಿ ಗೆದ್ದ ರಾತ್ರಿ ಈ ಬೇಡಿಕೆ ಯಾರ ಬಾಯಲ್ಲೂ ಇರಲಿಲ್ಲ ಅನ್ನೋದನ್ನ ಸುಮ್ಮನೆ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ. ತಮಾಷೆ ಏನೆಂದರೆ, ವಿ.ಎ.ಆರ್. ಇದ್ದಿದ್ದರೂ ಛೆಟ್ರಿಯ ಫ್ರೀ ಕಿಕ್ ಜಗಳ ತೀರುತ್ತಿರಲಿಲ್ಲ. ಆಗಿನ ನಿಯಮದಂತೆ ಅದು ನೋಡೋದು ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ತಪ್ಪು ಆಟಗಾರನಿಗೆ ಶಿಕ್ಷೆ ಇಷ್ಟನ್ನೇ. ಆಟ ಮತ್ತೆ ಶುರುಮಾಡಿದ್ದು ಸರಿಯಾ ತಪ್ಪಾ ಅನ್ನೋದು ಅದರ ಲೆಕ್ಕಕ್ಕೆ ಬರೋದಿಲ್ಲ. ಜೊತೆಗೆ ಕ್ಯಾಮೆರಾ ಬಂದರೆ ಪೆನಾಲ್ಟಿ ಕಮ್ಮಿ ಆಗುತ್ತೆ ಅಂತ ಯಾರೂ ತಿಳಿಯಬೇಡಿ. 2018ರ ರಷ್ಯಾ ವಿಶ್ವಕಪ್‌ನಲ್ಲಿ ಮೊದಲ ಸಲ ವಿ.ಎ.ಆರ್. ಬಂತು, ಪೆನಾಲ್ಟಿ 29 ಆಯಿತು. ಅದಕ್ಕೆ ಮುಂಚೆ ಒಂದು ವಿಶ್ವಕಪ್‌ನ ದಾಖಲೆ 18.

ಕೈಗೆ ಚೆಂಡು ತಗುಲಿದ ವಿಷಯವಂತೂ ಕೇಳಲೇಬೇಡಿ. ತಗುಲಿದ ಮಾತ್ರಕ್ಕೆ ತಪ್ಪಲ್ಲ. ಬೇಕಂತ ಮುಟ್ಟಿದ್ದರೆ ತಪ್ಪು. ಇಲ್ಲಾ, ಕೈ ಅಸಹಜವಾಗಿ ಚಾಚಿ ಮೈ ಅಗಲ ಮಾಡಿಕೊಂಡಿದ್ದರೆ ತಪ್ಪು. ಕೈ ಅಂದರೆ ಎಲ್ಲಿಂದ? ಕಂಕುಳ ತಳದ ಮಟ್ಟದಿಂದ ಕೆಳಗೆ. ಅದರ ಮೇಲೆ ಬಡಿದರೆ ಭುಜ, ಕೆಳಗೆ ಬಡಿದರೆ ಕೈ. ಇನ್ನು ‘ಅಸಹಜ’ ಅನ್ನೋದನ್ನ ಅಳೆಯೋಕೆ ಯಾವ ಸೇರು, ಯಾವ ಪಾವು? ಓಡುವವನ ಕೈ ಜೇಬಿನಲ್ಲಿ ಇರುತ್ತಾ? ಪ್ರತಿ ರೆಫರಿಗೂ ಅವರವರದೇ ಅಳತೆ. 2025ರ ಏಪ್ರಿಲ್ 12ರಂದು ಸಾಲ್ಟ್ ಲೇಕ್‌ನಲ್ಲಿ ಮತ್ತೆ ಅದೇ ಬಾಗಾನ್, ಅದೇ ಬೆಂಗಳೂರು, ಮತ್ತೆ ಫೈನಲ್. ಬೆಂಗಳೂರು ಮುಂದಿತ್ತು. 72ನೇ ನಿಮಿಷದಲ್ಲಿ ನಮ್ಮ ಚಿಂಗ್ಲೆನ್‌ಸನಾನ ಕೈಗೆ ಬಡಿಯಿತು ಅಂತ ಪೆನಾಲ್ಟಿ, ಸಮ. ಹೆಚ್ಚುವರಿ ಆಟದಲ್ಲಿ 2-1ಕ್ಕೆ ಸೋಲು. ಆ ಪೆನಾಲ್ಟಿ ಸರಿಯೇ ಇರಬಹುದು. ಆದರೆ ಎರಡು ವರ್ಷದ ಹಿಂದೆ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿಯೇ ಕುಡಿಯುತ್ತಾನೆ. ಸರಿ ತೀರ್ಪನ್ನೂ ಜನ ನಂಬದೇ ಇರೋ ಸ್ಥಿತಿ ಬಂದಿದೆಯಲ್ಲ, ದೊಡ್ಡ ನಷ್ಟ ಅದೇ.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂತ ಒಂದಿದೆ. ಅದು ಕೈಯಲ್ಲಿ ಹಿಡಿದು ಓಡೋ ಬೇರೆ ಆಟ. ಲಕ್ಷ ಜನ ಕೂರೋ ಕ್ರೀಡಾಂಗಣಗಳಿವೆ. ಅಲ್ಲಿ ತಪ್ಪು ಕಂಡರೆ ಹಳದಿ ಬಟ್ಟೆ ಎಸೆಯುತ್ತಾರೆ, ಐದು, ಹತ್ತು, ಹದಿನೈದು ಗಜ ಹಿಂದಕ್ಕೆ ತಳ್ಳುತ್ತಾರೆ. ಅಲ್ಲೂ ಇದೇ ಗೋಳು. ಪ್ರತಿ ಒಕ್ಕೂಟಕ್ಕೂ ಬೇರೆ ಬೇರೆ ರೆಫರಿಗಳು, ಹಾಗಾಗಿ ಅಲ್ಲಿ ನಡೆದದ್ದು ಇಲ್ಲಿ ನಡೆಯೋದಿಲ್ಲ ಅಂತ ಜನ ಬೈಯುತ್ತಾರೆ. ತಲೆಗೆ ಗುರಿಯಿಟ್ಟು ಗುದ್ದಿದರೆ ಹೊರಹಾಕೋ ನಿಯಮ 2013ರಲ್ಲಿ ಬಂತು. ಗುರಿಯಿಟ್ಟದ್ದೋ ತಗುಲಿದ್ದೋ ಅಂತ ಇವತ್ತಿಗೂ ವಾದ. ಆದರೆ ಒಂದು ವಿಷಯಕ್ಕೆ ಅವರನ್ನ ಮೆಚ್ಚಬೇಕು. ರೆಫರಿಯ ಅಂಗಿಗೆ ಮೈಕು ಸಿಕ್ಕಿಸಿರುತ್ತಾರೆ. ಯಾವ ತಪ್ಪು, ಯಾವ ನಂಬರಿನ ಆಟಗಾರ, ಎಷ್ಟು ಗಜ ಅಂತ ಇಡೀ ಕ್ರೀಡಾಂಗಣಕ್ಕೆ ಕೇಳುವ ಹಾಗೆ ಹೇಳಬೇಕು. ಬೈಯೋರು ಬೈಯುತ್ತಾರೆ, ಆದರೆ ಯಾಕೆ ಬೈಯುತ್ತಿದ್ದೇವೆ ಅಂತ ಗೊತ್ತಿದ್ದು ಬೈಯುತ್ತಾರೆ! ನಮ್ಮ ಫುಟ್‌ಬಾಲಿನಲ್ಲೂ 2023ರಿಂದ ವಿಡಿಯೋ ನೋಡಿದ ಮೇಲೆ ರೆಫರಿಯೇ ಮೈಕಿನಲ್ಲಿ ತೀರ್ಪು ಸಾರೋದು ಶುರುವಾಯಿತು. ನಮ್ಮ ತಾಲ್ಲೂಕು ಪಂದ್ಯಕ್ಕೆ ಅದೇನೂ ಬೇಡ. ಗಣಪತಿ ಪೆಂಡಾಲಿನ ಮೈಕು ಸಾಕು.

ಇದನ್ನೆಲ್ಲ ಆಟದ ಜಗಳ ಅಂತ ತಳ್ಳಿಹಾಕುವವರು 1980ರ ಆಗಸ್ಟ್ 16 ನೆನಪಿಸಿಕೊಳ್ಳಲಿ. ಕಲ್ಕತ್ತೆಯ ಈಡನ್ ಗಾರ್ಡನ್ಸ್, ಅದೇ ಬಾಗಾನ್, ಈಸ್ಟ್ ಬೆಂಗಾಲ್. ಒಬ್ಬರಿಗೊಬ್ಬರು ಒದ್ದಾಡಿಕೊಂಡ ಎರಡೂ ಕಡೆಯ ಒಬ್ಬೊಬ್ಬ ಆಟಗಾರನನ್ನ ರೆಫರಿ ಹೊರಗೆ ಹಾಕಿದರು. ಆ ಬೆಂಕಿ ಗ್ಯಾಲರಿಗೆ ಹತ್ತಿತು. ಬಡಿದಾಟ, ನೂಕುನುಗ್ಗಲಿನಲ್ಲಿ ಹದಿನಾರು ಜನ ಸತ್ತರು. ಪಂದ್ಯ ನೋಡೋಕೆ ಟಿಕೆಟ್ ಕೊಂಡು ಹೋದವರು.

ಭಾನುವಾರ ನಮ್ಮೂರಲ್ಲಿ ಮುರಿದದ್ದು ಮರದ ಕಂಬ. ಅದೃಷ್ಟ ಅನ್ನಿ.

ಈಗಿನ ಸಮಸ್ಯೆ ಬೇರೆ. ಉಳಿದ ಹನ್ನೊಂದು ನಿಮಿಷ ಆಡಿಸಬೇಕು ಅಂತ ಸಂಘಟಕರು ತೀರ್ಮಾನಿಸಿದ್ದಾರೆ. ಕಂಬ ರೆಡಿ ಆಗಿದೆ, ಸುಣ್ಣದ ಗೆರೆ ಎಳೆಯೋರು ಇದ್ದಾರೆ, ಎರಡೂ ಕಾಲೇಜಿನವರು ಒಪ್ಪಿದ್ದಾರೆ. ಸೀಟಿ ಊದೋಕೆ ಜನ ಇಲ್ಲ! ಮೂರು ಜನರನ್ನ ಕೇಳಿದರಂತೆ. ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಮಂಡಿ ನೋವು, ಮೂರನೆಯವರು ಫೋನೇ ಎತ್ತುತ್ತಿಲ್ಲ. ಇವರಿಗೆ ಸಿಗೋದು ಬಸ್ ಚಾರ್ಜು, ಒಂದು ಊಟ, ಒಂದು ಕವರು. ಅದಕ್ಕೆ ಒದೆ ತಿನ್ನೋಕೆ ಯಾರು ಬರುತ್ತಾರೆ? ವರ್ಷಕ್ಕೊಂದು ಸಲ ಹೊಸ ನಿಯಮ ಓದಿಸೋರು ಇಲ್ಲ, ಲೈನಿನಲ್ಲಿ ನಿಲ್ಲೋಕೆ ಆಡಲು ಬಂದ ಹುಡುಗರನ್ನೇ ಹಿಡಿದು ಬಾವುಟ ಕೊಡುತ್ತಾರೆ. ಆಮೇಲೆ ತೀರ್ಪು ಸರಿ ಇಲ್ಲ ಅಂತ ನಾವೇ ಕಲ್ಲು ತೂರುತ್ತೇವೆ.

ಸಂಘಟಕರು ಕೊನೆಗೆ ಅದೇ ಡ್ರಿಲ್ ಮೇಷ್ಟ್ರ ಮನೆಗೆ ಹೋಗಿ ಬಂದಿದ್ದಾರೆ. ಮೇಷ್ಟ್ರು ಎರಡು ಷರತ್ತು ಹಾಕಿದ್ದಾರಂತೆ. ಒಂದು, ಇಬ್ಬರು ಪೊಲೀಸರು. ಇನ್ನೊಂದು, ಒಂದು ಮೈಕು. ‘ಆ ಮೂರನೇ ಪೆನಾಲ್ಟಿ ಯಾಕೆ ಕೊಟ್ಟೆ ಅಂತ ಮೊದಲು ಐದು ನಿಮಿಷ ಮಾತಾಡ್ತೀನಿ, ಆಮೇಲೆ ಆಟ’ ಅಂದಿದ್ದಾರೆ.

ಕಪ್ಪು ಸದ್ಯಕ್ಕೆ ಬಸ್ ಸ್ಟ್ಯಾಂಡ್ ಹೋಟೆಲಿನ ಗಾಜಿನ ಬೀರುವಿನಲ್ಲಿ ಮೈಸೂರುಪಾಕಿನ ಪಕ್ಕ ಕೂತಿದೆ. ಬರುವ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಆಟ. ಪೊಲೀಸರು ಬರೋದು ಖಾತ್ರಿಯಾಗಿದೆ. ಮೈಕಿನ ಬಾಡಿಗೆ ಯಾರು ಕೊಡಬೇಕು ಅನ್ನೋದು ಈ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಇನ್ನೂ ತೀರ್ಮಾನ ಆಗಿರಲಿಲ್ಲ.