ಗಾಳಿಯ ಪರವಾಗಿ
ಈ ವಾರ ವಿಜಯನಗರದ ಸೈಕಲ್ ಅಂಗಡಿಯೊಂದರಲ್ಲಿ ತಂದೆಯೊಬ್ಬರು ಶಾಲೆಗೆ ಹೋಗುವ ಮಗಳ ಸೈಕಲ್ಲಿಗೆ ‘ಗಾಳಿಯೇ ಬೇಡದ ಟೈರ್ ಹಾಕಿಕೊಡಿ, ಪಂಕ್ಚರ್ ಗೋಳು ತಪ್ಪಲಿ’ ಎನ್ನುತ್ತಿದ್ದರು. ಅವರ ಆತಂಕ ನನಗೆ ಅರ್ಥವಾಗುತ್ತದೆ: ಮಾಗಡಿ ರಸ್ತೆಯಲ್ಲಿ ಲಾರಿ, ಬಸ್ಸುಗಳ ನಡುವೆ ಹಿಂದಿನ ಚಕ್ರ ಕೂತುಬಿಟ್ಟರೆ ಆ ಹುಡುಗಿ ಏನು ಮಾಡಬೇಕು? ಆದರೂ ನಾನು ಗಾಳಿಯ ಪರ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ಟೈರು ಹುಟ್ಟಿದ್ದೇ ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟ ತಪ್ಪಿಸಲು. ಗಾಳಿ ಬೇಡದ ಇಂದಿನ ಫೋಮ್ ಟೈರು ಆ ಕಾಲದ ಗಟ್ಟಿ ರಬ್ಬರಲ್ಲ, ನಿಜ; ಮೊಳೆಗೂ ಗಾಜಿಗೂ ಅಂಜುವುದಿಲ್ಲ. ಆದರೆ ಪ್ರತಿ ಸುತ್ತಿನಲ್ಲೂ ಅಮುಕಿ ಹಿಗ್ಗುವಾಗ ಅದು ನಮ್ಮ ತುಳಿತದ ಒಂದು ಪಾಲನ್ನು ಬಿಸಿಯಾಗಿ ನುಂಗುತ್ತದೆ; ಒತ್ತಿ ತುಂಬಿದ ಗಾಳಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಏರು ರಸ್ತೆಯಲ್ಲಿ ಈ ಲೆಕ್ಕವನ್ನು ತೊಡೆಗಳೇ ಹೇಳುತ್ತವೆ. ಪೈಪಿಗೆಂದು ಅಗೆದು ಅರೆಬರೆ ಮುಚ್ಚಿದ ನಮ್ಮ ಅಡ್ಡರಸ್ತೆಗಳಿಗೆ ಗಾಳಿಯನ್ನು ತುಸು ಇಳಿಸಿ ಹೊಂದಿಸಿಕೊಳ್ಳಬಹುದು. ಫೋಮಿನ ಗಡಸು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಇನ್ನು ಪಂಕ್ಚರ್: ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಗುರುತಿಟ್ಟು, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಆರುವವರೆಗೆ ಕಾದು ತೇಪೆ ಒತ್ತುವುದು ಹನ್ನೆರಡರ ಮಕ್ಕಳಿಗೂ ಒಗ್ಗುವ ಕೆಲಸ. ಅದನ್ನೇ ಮಗಳಿಗೆ ಕಲಿಸಿ, ಚೀಲದಲ್ಲೊಂದು ಪುಟ್ಟ ಪಂಪ್ ಇಡಿ ಎಂದು ಆ ತಂದೆಗೆ ಹೇಳಿ ಬಂದೆ.