ಅನಕೊಂಡ ಸಾಕಲು ನೋಂದಣಿಯೊಂದೇ ಸಾಕೇ?



2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕರೊಬ್ಬರ ಲಗೇಜಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕಿಬಿದ್ದವು. ಕೊಳ್ಳುವವರಿಲ್ಲದೆ ಯಾರೂ ಹಾವು ತುಂಬಿಕೊಂಡು ವಿಮಾನ ಹತ್ತುವುದಿಲ್ಲ. ಆ ಕೊಳ್ಳುವವರಿಗೆ ನಮ್ಮ ಕಾನೂನು ಏನು ಹೇಳುತ್ತದೆ ಎಂದು ಓದಿ ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ತೋಟಕ್ಕೆ ಬಂದ ಹೆಬ್ಬಾವನ್ನು ಹಿಡಿದು ಮನೆಯಲ್ಲಿ ಸಾಕಿದರೆ ನನಗೆ ಜೈಲು. ಅದು ಸರಿಯೇ. ದಕ್ಷಿಣ ಅಮೆರಿಕದ ಅನಕೊಂಡಕ್ಕೆ ಮಾತ್ರ ಇಷ್ಟು ಬಿಗಿ ಇಲ್ಲ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಇಂಥ ವಿದೇಶಿ ಪ್ರಾಣಿಗಳನ್ನು ಸಾಕಿರುವುದಾಗಿ ಆರು ತಿಂಗಳೊಳಗೆ ಘೋಷಿಸಿಕೊಂಡವರಿಂದ ದಾಖಲೆ ಕೇಳುವುದಿಲ್ಲ ಎಂದಿತು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಈಗ ನೋಂದಣಿ ಕಡ್ಡಾಯ. ಮರಿ ಹಾಕಿದರೂ ಸತ್ತರೂ ತಿಳಿಸಬೇಕು. ಆದರೆ ಮರಿ ಮಾಡಿಸುವವರು ಮುಖ್ಯ ವನ್ಯಜೀವಿ ಪರಿಪಾಲಕರ ಬಳಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕೆಂಬ ಷರತ್ತು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ (ಸೈಟಿಸ್) ಮೊದಲನೇ ಅನುಬಂಧದ ಪ್ರಾಣಿಗಳಿಗಷ್ಟೇ. ಅನಕೊಂಡ ಇರುವುದು ಎರಡನೆಯದರಲ್ಲಿ.

ಇದು ಎಂಥ ಪ್ರಾಣಿ ಎಂದು ನಿಯಮ ಬರೆದವರು ಯೋಚಿಸಿದಂತಿಲ್ಲ. ಹಸಿರು ಅನಕೊಂಡ ಮೊಟ್ಟೆಯಿಡುವುದಿಲ್ಲ, ಒಂದೇ ಸಲಕ್ಕೆ 20ರಿಂದ 40 ಮರಿ ಹಾಕುತ್ತದೆ. ಹುಟ್ಟುವಾಗಲೇ ಎರಡಡಿ ಉದ್ದವಿರುವ ಮರಿಗೆ ತಾಯಿಯ ಆರೈಕೆ ಬೇಕಿಲ್ಲ. ತಾನೇ ಈಜುತ್ತದೆ, ಬೇಟೆಯಾಡುತ್ತದೆ. ಗಂಡನ್ನು ದೂರವಿಟ್ಟರಾಯಿತು ಎನ್ನುವಂತೆಯೂ ಇಲ್ಲ. ಅಮೆರಿಕದ ಬಾಸ್ಟನ್ ಅಕ್ವೇರಿಯಂನಲ್ಲಿ ಹೆಣ್ಣುಗಳ ಜೊತೆಯಲ್ಲೇ ಬೆಳೆದ ಅನಕೊಂಡವೊಂದು 2019ರಲ್ಲಿ ಮರಿ ಹಾಕಿತು. ಗಂಡಿನ ಸಂಪರ್ಕವೇ ಇರಲಿಲ್ಲವೆಂದು ಡಿಎನ್‌ಎ ಪರೀಕ್ಷೆ ತೋರಿಸಿತು. ಸಾಕುವುದೂ ಸುಲಭವಲ್ಲ: ಶ್ರೀಲಂಕಾದಿಂದ 2014ರಲ್ಲಿ ತಿರುವನಂತಪುರ ಮೃಗಾಲಯಕ್ಕೆ ಬಂದ ಏಳು ಅನಕೊಂಡಗಳಲ್ಲಿ ಕೆಲವು, ವೈದ್ಯರ ಕಣ್ಣೆದುರೇ ಇದ್ದರೂ ಸತ್ತವು. ಹಾಗಿರುವಾಗ ಹದಿನೈದು ಅಡಿ ಬೆಳೆಯುವ ನೀರುಹಾವನ್ನು ಅಪಾರ್ಟ್‌ಮೆಂಟಿನ ಗಾಜಿನ ಪೆಟ್ಟಿಗೆಯಲ್ಲಿಡುವುದು ಶುದ್ಧ ಹಿಂಸೆ.

ಪೆಟ್ಟಿಗೆ ಸಾಲದಾದಾಗ ಅದು ಹೋಗುವುದು ಕೆರೆಗೆ. ಅಕ್ವೇರಿಯಂನಿಂದ ಬಂದ ಸಕ್ಕರ್ ಮೀನು, ಕೆಂಪುಕಿವಿಯ ಆಮೆ ನಮ್ಮ ಕೆರೆಗಳನ್ನು ಸೇರಿದ್ದು ಹೀಗೆಯೇ. ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸಾಕಿದವರ ಕೈತಪ್ಪಿದ ಬರ್ಮಾ ಹೆಬ್ಬಾವು ಹಬ್ಬಿದ ಮೇಲೆ, ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ 99ರಷ್ಟು ಕುಸಿದಿದೆ ಎಂದು 2012ರ ಅಧ್ಯಯನವೊಂದು ಹೇಳಿತು. ಅದೇ ವರ್ಷ ಅಮೆರಿಕ ಹಳದಿ ಅನಕೊಂಡದ ಆಮದನ್ನು ನಿಲ್ಲಿಸಿತು, 2015ರಲ್ಲಿ ಹಸಿರಿನದನ್ನು. ಅಷ್ಟರಲ್ಲಿ ಹೆಬ್ಬಾವು ಕೈಮೀರಿತ್ತು. ತುಂಗೆಯ ಮಡುಗಳಿಗೆ, ಶರಾವತಿಯ ಹಿನ್ನೀರಿಗೆ, ಉತ್ತರ ಕನ್ನಡದ ಗಜನಿ ಗದ್ದೆಗಳಿಗೆ ಒಂದು ಬಸುರಿ ಅನಕೊಂಡ ಇಳಿದರೂ ನಮ್ಮ ನೀರುನಾಯಿಗಳ, ನೀರುಹಕ್ಕಿಗಳ ಗತಿ ಏನು?

ಮಕ್ಕಳು ಮೈಸೂರು ಮೃಗಾಲಯದಲ್ಲಿ ಅನಕೊಂಡ ನೋಡಿ ಬೆರಗಾಗಲಿ, ಅದಕ್ಕೆ ನನ್ನ ತಕರಾರಿಲ್ಲ. ಖಾಸಗಿಯವರು ಮರಿ ಮಾಡಿಸುವುದು, ಮಾರುವುದು ನಿಲ್ಲಬೇಕು. ಹೊಸ ಕಾನೂನೂ ಬೇಕಿಲ್ಲ: ಆಕ್ರಮಣಕಾರಿ ವಿದೇಶಿ ಪ್ರಭೇದಗಳನ್ನು ನಿಷೇಧಿಸುವ ಅಧಿಕಾರವನ್ನು 2022ರ ತಿದ್ದುಪಡಿಯ 62ಎ ಸೆಕ್ಷನ್ ಕೇಂದ್ರಕ್ಕೆ ಕೊಟ್ಟಿದೆ. ಅನಕೊಂಡವನ್ನು ಅಂಥ ನಿಷೇಧಿತ ಪ್ರಭೇದಗಳ ಪಟ್ಟಿಗೆ ಸೇರಿಸುವಂತೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ. ಈಗಾಗಲೇ ಸಾಕಿಕೊಂಡು ಕೈಸೋತವರು ದಯವಿಟ್ಟು ಕೆರೆಗೆ ಬಿಡಬೇಡಿ, ಅರಣ್ಯ ಇಲಾಖೆಗೆ ಒಪ್ಪಿಸಿ.

— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ