ಉತ್ಪಾದಕರ ಕಂಪನಿಗಳ ಲೆಕ್ಕಪತ್ರ ಬಹಿರಂಗ: ಷೇರುದಾರ ರೈತರ ಗಮನಕ್ಕೆ

ಆಳಂದ ತಾಲ್ಲೂಕಿನ ನರೋಣಾದಂತಹ ತೊಗರಿ ಸೀಮೆಯಲ್ಲಿ ರೈತ ಉತ್ಪಾದಕರ ಕಂಪನಿಗೆ ಷೇರು ಹಣ ಪಾವತಿಸುವವರು ಅದನ್ನು ಸಹಕಾರ ಸಂಘವೆಂದೇ ಭಾವಿಸುವುದುಂಟು. ಆದರೆ ಕಂಪನಿಯಾಗಿ ನೋಂದಣಿಯಾದ ಸಂಸ್ಥೆಯು ತನ್ನ ಲೆಕ್ಕಪತ್ರಗಳನ್ನು ಸಹಕಾರ ಇಲಾಖೆಗಲ್ಲ, ಬೆಂಗಳೂರಿನಲ್ಲಿರುವ ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸತಕ್ಕದ್ದು.

ಇಂತಹ ಕಂಪನಿಗಳಿಗೆ 2002ರ ತಿದ್ದುಪಡಿಯಿಂದ ಅವಕಾಶ ದೊರೆಯಿತು. 2020ರ ತಿದ್ದುಪಡಿಯ ಮೂಲಕ ಈ ಉಪಬಂಧಗಳನ್ನು 2013ರ ಕಂಪನಿಗಳ ಅಧಿನಿಯಮದಲ್ಲಿ ಸೇರಿಸಲಾಗಿದೆ.

ಷೇರುಪೇಟೆಯ ಹೂಡಿಕೆದಾರನು ಕಂಪನಿಯ ಲೆಕ್ಕ ಸರಿಯಿಲ್ಲವೆಂದು ಕಂಡುಬಂದಲ್ಲಿ ಷೇರನ್ನು ಮಾರಿ ಹೊರಬರಬಹುದು. ತೊಗರಿ ಬೆಳೆಗಾರನಿಗೆ ಆ ದಾರಿಯಿಲ್ಲ. ಉತ್ಪಾದಕರ ಕಂಪನಿಯ ಷೇರು ಪೇಟೆಯಲ್ಲಿ ಮಾರಾಟವಾಗುವುದಿಲ್ಲ. ವರ್ಗಾವಣೆಗೂ ಆಡಳಿತ ಮಂಡಳಿಯ ಒಪ್ಪಿಗೆ ಅವಶ್ಯ. ಆದ್ದರಿಂದ ವಾರ್ಷಿಕ ಮಹಾಸಭೆಯೇ ಆತನ ಪೇಟೆ. ಸಭೆಗೆ ಕನಿಷ್ಠ 14 ದಿನ ಮುಂಚಿತವಾಗಿ, ಲೆಕ್ಕಪರಿಶೋಧನೆಯಾದ ಜಮಾ-ಖರ್ಚು ಹಾಗೂ ಆಸ್ತಿ-ಹೊಣೆ ಪಟ್ಟಿಯೊಂದಿಗೆ ಪ್ರತಿ ಸದಸ್ಯನಿಗೂ ನೋಟೀಸು ತಲುಪಬೇಕು. ನಿಯಮಾವಳಿಯಲ್ಲಿ ಹೆಚ್ಚಿನ ಸಂಖ್ಯೆ ಇಲ್ಲದಿದ್ದಲ್ಲಿ ನಾಲ್ಕನೇ ಒಂದು ಭಾಗ ಸದಸ್ಯರ ಹಾಜರಾತಿಯೇ ಕೋರಂ. ಅಂದರೆ 400 ಸದಸ್ಯರಿದ್ದಲ್ಲಿ 100 ಜನ. ತೊಗರಿ ರಾಶಿಯ ದಿನಗಳಲ್ಲಿ ಸಭೆ ಕರೆದರೆ ಇಷ್ಟು ಜನ ಸೇರುವುದು ಕಷ್ಟವೆಂಬುದನ್ನು ಆಡಳಿತ ಮಂಡಳಿಗಳು ಗಮನಿಸುವುದು ಒಳಿತು.

ಸಭೆಯ ನಂತರ ನಿಗದಿತ ಅವಧಿಯೊಳಗೆ ಲೆಕ್ಕಪತ್ರವನ್ನೂ 60 ದಿನಗಳೊಳಗೆ ವಾರ್ಷಿಕ ವಿವರಪಟ್ಟಿಯನ್ನೂ ಸಲ್ಲಿಸತಕ್ಕದ್ದು. ತಡವಾದಲ್ಲಿ 2018ರ ಜುಲೈ 1ರಿಂದ ಜಾರಿಯಾದ ನಿಯಮದಂತೆ ಪ್ರತಿ ನಮೂನೆಗೆ ದಿನಕ್ಕೆ 100 ರೂ. ಹೆಚ್ಚುವರಿ ಶುಲ್ಕ ತಗಲುತ್ತದೆ. ಎರಡೂ ನಮೂನೆ ಒಂದು ವರ್ಷ ತಡವಾದರೆ 73,000 ರೂ. ತಲಾ 1,000 ರೂ. ಕಟ್ಟಿದ 73 ರೈತರ ಷೇರು ಹಣಕ್ಕೆ ಇದು ಸಮ. ದೊಡ್ಡ ಉದ್ಯಮಕ್ಕೆ ಗಣನೆಗೆ ಬಾರದ ಈ ಮೊತ್ತವು ಸಣ್ಣ ಕಂಪನಿಗೆ ಭಾರವೇ ಸರಿ. ತಪ್ಪು ಕಚೇರಿಯದಾದರೂ ಹಣ ರೈತರದು. ಸತತ ಮೂರು ವರ್ಷ ಸಲ್ಲಿಸದಿದ್ದಲ್ಲಿ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ದೇಶದಾದ್ಯಂತ 2 ಲಕ್ಷಕ್ಕೂ ಅಧಿಕ ಕಂಪನಿಗಳ ಹೆಸರನ್ನು ದಾಖಲೆಯಿಂದ ತೆಗೆದುಹಾಕಿ, ಅವುಗಳ ಬ್ಯಾಂಕ್ ಖಾತೆಗಳ ವ್ಯವಹಾರವನ್ನು ನಿರ್ಬಂಧಿಸಲಾಯಿತು.

ಷೇರು ಹಣ ಪಾವತಿಸುವ ಮುನ್ನ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ನಮೂದಿಸಿ, ಅದು ಚಾಲ್ತಿಯಲ್ಲಿದೆಯೇ, ಕೊನೆಯ ಮಹಾಸಭೆ ಎಂದು ನಡೆಯಿತು, ಯಾವ ವರ್ಷದವರೆಗಿನ ಲೆಕ್ಕ ಸಲ್ಲಿಕೆಯಾಗಿದೆ ಎಂಬುದನ್ನು ಶುಲ್ಕವಿಲ್ಲದೆ ತಿಳಿಯಬಹುದು. ಸಲ್ಲಿಸಲಾದ ಕಾಗದಪತ್ರಗಳನ್ನೇ ನೋಡಬಯಸುವವರು, ಸದಸ್ಯರಲ್ಲದಿದ್ದರೂ, ನಿಗದಿತ ಶುಲ್ಕ ಪಾವತಿಸಿ ಪರಿಶೀಲಿಸಬಹುದಾಗಿದೆ.